ಸುಂಕಮ್ಮ ಕೂಡಿಸಿದ ಎಡಗಡೆ ಬಾಗಿಲು

ನನ್ನ ಹೆಂಡತಿ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಖುಷಿಯಾಗುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಖುಷಿ ಯಾಕೆಂದರೆ ಹೇಳುವುದಕ್ಕೆ ಬೇಕಾದಷ್ಟಿದೆ. ಸಿಟ್ಟು ಯಾಕೆಂದರೆ ಯಾವನೂ ಪೂರ್ತಿ ಕೇಳುವುದಿಲ್ಲ. "ಹಳೇ ಕಾರಿಗೆ ಬಾಗಲಾ ಕೂಡಸ್ತಾಳ" ಅಂದರೆ ಸಾಕು, ಬಳ್ಳಾರಿ ರೈಲ್ವೆ ಸ್ಟೇಷನ್ ಮುಂದಿನ ಆಟೋ ಸ್ಟ್ಯಾಂಡಿನಲ್ಲಿ ಎಲ್ಲರೂ ಹಲ್ಲು ಕಿಸಿಯುತ್ತಾರೆ. "ಬಾಗಲಾ ಹಾಕೋದೇನ್ ದೊಡ್ಡ ಕೆಲಸ ಬಿಡಲೇ ಭೀಮರಾಜ, ನಾವೂ ದಿನಾ ಮನ್ಯಾಗ ಹಾಕ್ತೀವಿ" ಅನ್ನುತ್ತಾನೆ ನಮ್ಮ ಗಾದೆಪ್ಪ. ಅವನ ಆಟೋದ ಸೀಟೇ ನೆಟ್ಟಗಿಲ್ಲ, ಮಾತು ಮಾತ್ರ ಇಷ್ಟುದ್ದ. ಇವತ್ತು ಯಾರೂ ನಡುವೆ ಬಾಯಿ ಹಾಕಬೇಡಿ, ಪೂರ್ತಿ ಹೇಳಿಯೇ ಬಿಡುತ್ತೇನೆ.

ಸುಂಕಮ್ಮ ಕುರುಗೋಡಿನವಳು. ನನ್ನನ್ನು ಮದುವೆಯಾಗಿ ಬಳ್ಳಾರಿಗೆ ಬಂದ ಮೇಲೆ ಜೀನ್ಸ್ ಯೂನಿಟ್ಟಿನಲ್ಲಿ ಪ್ಯಾಂಟಿನ ಸೊಂಟಪಟ್ಟಿ ಹೊಲಿಯುತ್ತಿದ್ದಳು. ಸೊಂಟಪಟ್ಟಿಯಲ್ಲಿ ಬಟ್ಟೆ ಮಡಿಕೆಯ ಮೇಲೆ ಮಡಿಕೆ ಬರುತ್ತದೆ. ಮಡಿಕೆ ದಪ್ಪವಾದರೆ ಸೂಜಿ ಮುರಿಯುತ್ತದೆ, ತೆಳ್ಳಗಾದರೆ ಗುಂಡಿ ಕಿತ್ತುಕೊಂಡು ಬರುತ್ತದೆ. ವರ್ಷಗಟ್ಟಲೆ ಅದನ್ನೇ ಹಿಡಿದು ಹಿಡಿದು ಅವಳ ಹೆಬ್ಬೆರಳಿಗೂ ತೋರುಬೆರಳಿಗೂ ಬೇರೆಯೇ ಬುದ್ಧಿ ಬಂದಿತ್ತು. ಮನೆಯಲ್ಲಿ ರೊಟ್ಟಿ ತಿನ್ನುವಾಗಲೂ ಮೊದಲು ಚಿವುಟಿ ನೋಡಿ, "ಇವತ್ತು ಬಡಿದದ್ದು ಒಂದ್ ಕಡೆ ದಪ್ಪ ಆಗೇತಿ" ಅನ್ನುತ್ತಿದ್ದಳು. ರೊಟ್ಟಿ ಬಡಿದವನು ನಾನು. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ, ನನಗೇನು ನಾಚಿಕೆಯಿಲ್ಲ.

ಕಂಟೋನ್ಮೆಂಟಿನಲ್ಲಿ ಒಂದು ಹಳೇ ಬಂಗಲೆಯ ಹಿಂದೆ ಶೇಖರನ ಶೆಡ್ ಇದೆ. ಬಸ್ಸಿನ ಬಂಪರ್, ನೀರಿನ ತೊಟ್ಟಿ, ಮದುವೆ ಮಂಟಪದ ನವಿಲು, ಫೈಬರಿನದು ಏನಿದ್ದರೂ ಅವನು ಮಾಡುತ್ತಾನೆ. ಆದರೆ ಅವನ ಜೀವ ಇರುವುದು ಹಳೇ ಕಾರುಗಳಲ್ಲಿ. ನನ್ನ ಆಟೋದ ಮುಂದಿನ ಹಲಗೆ ಒಡೆದಾಗ ಸುಂಕಮ್ಮನನ್ನೂ ಕೂರಿಸಿಕೊಂಡು ಅಲ್ಲಿಗೆ ಹೋಗಿದ್ದೆ. ಇವಳು ಸುಮ್ಮನೆ ನಿಲ್ಲುವ ಹೆಣ್ಣೇ? ಅಲ್ಲಿ ನಿಂತಿದ್ದ ಒಂದು ಕಾರಿನ ಬಾಗಿಲಿನ ಸಂದಿನಲ್ಲಿ ಬೆರಳು ಆಡಿಸಿ, "ಅಣ್ಣಾರ, ಇದು ಕೆಳಗ ಬಿಗಿ ಐತಿ, ಮ್ಯಾಲ ಸಡಲ ಐತಿ" ಅಂದಳು. ಶೇಖರ್ ನಕ್ಕುಬಿಟ್ಟ. "ಹೌದವ್ವ, ನಂಗೂ ಗೊತ್ತೈತಿ. ಅದರ ಸಲುವಾಗಿ ಮುಂಜಾನಿಂದ ತಲಿ ಚಚ್ಕೊಳಾಕತ್ತೀನಿ. ನೀ ಬರ್ತಿಯೇನು ಕೆಲಸಕ್ಕ?" ಅಂದ. ತಮಾಷೆಗೆ ಕೇಳಿದ್ದ. ಇವಳು ಮುಂದಿನ ಸೋಮವಾರ ಹೋಗಿ ನಿಂತೇಬಿಟ್ಟಳು.

ಮೊದಮೊದಲು ಉಜ್ಜುವ ಕೆಲಸ. ಫೈಬರ್ ಧೂಳು ಮೈಗೆ ಹತ್ತಿದರೆ ಬೆಂಕಿ ಇಟ್ಟ ಹಾಗೆ ತುರಿಕೆ. ಮನೆಗೆ ಬಂದು ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ತಣ್ಣೀರು ಸುರಿದುಕೊಂಡು, ನನ್ನ ಮೇಲೆ ರೇಗುತ್ತಿದ್ದಳು. "ಬಿಟ್ಟುಬಿಡು" ಅಂದರೆ ಇನ್ನೂ ರೇಗುತ್ತಿದ್ದಳು. ನಿಧಾನಕ್ಕೆ ಕೆಲಸದ ಗುಟ್ಟು ಹಿಡಿದಳು. ತಗಡಿನ ಕಾರಾದರೆ ಬಡಿದು ದಾರಿಗೆ ತರಬಹುದು. ಫೈಬರನ್ನು ಬಡಿದರೆ ಬಿರುಕು ಬಿಡುತ್ತದೆ. ಉಜ್ಜಿ ಕಡಿಮೆ ಮಾಡಬೇಕು, ಇಲ್ಲವೇ ಒಣಗಿದರೆ ಕಲ್ಲಾಗುವ ರಾಳ ಹಚ್ಚಿ ಬೆಳೆಸಬೇಕು. ಅದಕ್ಕೂ ಮೊದಲು ಕಾರನ್ನು ಅದರ ಗಾಲಿಯ ಮೇಲೆಯೇ ನಿಲ್ಲಿಸಿ, ಇಂಜಿನ್ ಬರುವ ಜಾಗದಲ್ಲಿ, ಸೀಟಿನ ಜಾಗದಲ್ಲಿ ತೂಕ ಹೇರಬೇಕು. ಯಾಕೆಂದರೆ ಭಾರ ಬಿದ್ದಾಗ ಫೈಬರಿನ ಮೈ ಬಳುಕುತ್ತದೆ. ಬರಿಮೈಯಲ್ಲಿ ಸರಿ ಮಾಡಿದ ಸಂದು ಭಾರ ಬಿದ್ದಕೂಡಲೇ ಕೆಡುತ್ತದೆ. "ಮೊದಲ ಮೈ, ಆಮ್ಯಾಲ ಕೀಲು, ಕಡೀಗೆ ಅಂಚು" ಎಂದು ನಿದ್ದೆಯಲ್ಲೂ ಹೇಳುತ್ತಿದ್ದಳು.

ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದೆಯೋ ಇಲ್ಲವೋ ನೋಡಲು ಶೇಖರನ ಹತ್ತಿರ ಉಕ್ಕಿನ ಪಟ್ಟಿಗಳಿದ್ದವು. ಅವು ಬಾಗಿದ ಅಂಚಿನಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ, ಮೇಲಾಗಿ ಗೀರು ಬೀಳಿಸುತ್ತಿದ್ದವು. ಸುಂಕಮ್ಮ ಹಳೇ ಯೂನಿಟ್ಟಿಗೆ ಹೋಗಿ, ಇನ್ನೂ ನೀರು ಕಾಣದ ಹೊಸ ಜೀನ್ಸ್ ಬಟ್ಟೆಯ ತುಂಡು ತಂದು, ಸೊಂಟಪಟ್ಟಿಯ ಹಾಗೆಯೇ ಮಡಿಸಿ, ಒತ್ತಾಗಿ ಹೊಲಿದು ಒಂದು ಪಟ್ಟಿ ಮಾಡಿಕೊಂಡಳು. ಸಂದಿನಲ್ಲಿ ಎಳೆದರೆ ಅದು ಎಲ್ಲಿ ಹಿಡಿಯುತ್ತದೆ, ಎಲ್ಲಿ ಜಾರುತ್ತದೆ ಎನ್ನುವುದು ಕೈಗೆ ಗೊತ್ತಾಗುತ್ತದೆ, ಗೀರೂ ಬೀಳುವುದಿಲ್ಲ. ಅಲ್ಲಿಂದ ಶೆಡ್ಡಿನ ಎಲ್ಲ ಬಾಗಿಲಿಗೂ ಅದೇ ಪಟ್ಟಿ. ಬಳ್ಳಾರಿಯ ಹೆಣ್ಣಿಗಲ್ಲದೆ ಇನ್ಯಾರಿಗೆ ಹೊಳೆಯುತ್ತದೆ ಹೇಳಿ ಈ ಉಪಾಯ?

ಆ ಶೆಡ್ಡಿನಲ್ಲಿ ಒಂದು ರೂಢಿ ಇದೆ. ಬಾಗಿಲು ಕೂಡಿಸಿದವರು ಒಳಗಡೆಯ ಹೊದಿಕೆ ಹಾಕುವ ಮುಂಚೆ ಬಾಗಿಲಿನ ಒಳಮೈಯ ಮೇಲೆ ತಮ್ಮ ಹೆಸರು ಬರೆಯುತ್ತಾರೆ. ಹೊರಗಿನವರಿಗೆ ಅದು ಕಾಣುವುದಿಲ್ಲ. ಮುಂದೆ ಯಾವತ್ತೋ ಆ ಕಾರು ಬಿಚ್ಚಿದವನಿಗೆ ಮಾತ್ರ ಕಾಣುತ್ತದೆ. ಅಲ್ಲಿಯವರೆಗೆ ಶೇಖರನ ಹೆಸರೊಂದೇ ಬೀಳುತ್ತಿತ್ತು. ಹೋದ ವರ್ಷ ಸಿರುಗುಪ್ಪದ ಕಾರು ಬಂದಾಗ ಅವನೇ ಹೇಳಿದ, "ಸುಂಕಮ್ಮ, ಇದರ ಎರಡೂ ಬಾಗಲಾ ನಿಂದ. ನಾ ಕೈ ಹಚ್ಚಂಗಿಲ್ಲ. ಸರಿ ಕೂಡಿದ್ರ ನಿನ್ನ ಹೆಸರು." ಆ ದಿನ ಇವಳು ಮನೆಗೆ ಬಂದಾಗ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ನನ್ನ ರೊಟ್ಟಿಗೂ ಹೆಸರಿಡಲಿಲ್ಲ.

ಸಿರುಗುಪ್ಪದ ಕಾರು ಅಂದರೆ ಅಕ್ಕಿ ಗಿರಣಿಯ ವಿರೂಪಾಕ್ಷಿಯವರದು. ಅವರ ತಂದೆಯ ಕಾಲದ ವಿದೇಶಿ ಸ್ಪೋರ್ಟ್ಸ್ ಕಾರು, ಫೈಬರಿನ ಮೈ, ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ. ತಂದೆ ತೀರಿಕೊಂಡ ಮೇಲೆ ಗಿರಣಿಯ ಮೂಲೆಯಲ್ಲಿ ತೌಡಿನ ಚೀಲಗಳ ಕೆಳಗೆ ಮಲಗಿತ್ತು. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದರು. ಬಾಗಿಲು ತೆಗೆದರೆ ಹೊಟ್ಟು, ಡಿಕ್ಕಿ ತೆಗೆದರೆ ಹೊಟ್ಟು, ಲೈಟ್ ಬಿಚ್ಚಿದರೂ ಹೊಟ್ಟು. ಶೇಖರ್ ಅದರ ಮುಂದೆ ಕೈಕಟ್ಟಿ ನಿಂತಿದ್ದು ನೋಡಿದರೆ ಯಾವುದೋ ದೇವರು ಬಂದಿದೆ ಅನ್ನಬೇಕು.

ಒಂದು ದಿನ ವಿರೂಪಾಕ್ಷಿ ತಮ್ಮ ತಾಯಿ ಜಂಬಮ್ಮನವರನ್ನು ಕರೆದುಕೊಂಡು ಬಂದರು. ಎಂಬತ್ತು ದಾಟಿದ ಜೀವ, ನಾಲಿಗೆ ಮಾತ್ರ ಚುರುಕು. ಕಾರನ್ನು ನೋಡಿ ಸೀದಾ ಎಡಗಡೆ ಬಾಗಿಲಿಗೆ ಬಂದು ಒಂದು ಏಟು ಹಾಕಿದರು.

"ಇದೇ ನೋಡವ್ವ ನನ್ನ ಹಾಟ್ಗಳ್ಳ" ಅಂದರು ಸುಂಕಮ್ಮನಿಗೆ. "ಯಾವತ್ತೂ ನೆಟ್ಟಗ ಕೂಡಲಿಲ್ಲ. ರಸ್ತ್ಯಾಗ ತೆಗ್ಗು ಕುಣಿ ಬಂದ್ರ ಸಾಕು, ತೆಕ್ಕೊಂತಿತ್ತು. ನಮ್ಮನ್ಯಾರಿಗೆ ಜೋರಾಗಿ ಓಡಿಸೋ ಹುಚ್ಚು. ಕೆಂಚನಗುಡ್ಡಕ್ಕ ಹೊಳಿ ತೋರಸ್ತೀನಿ ಬಾ ಅಂತ ಕರ್ಕೊಂಡು ಹೋಗಾರು. ನಾ ಎರಡೂ ಕೈಲೆ ಬಾಗಲಾ ಹಿಡ್ಕೊಂಡು ಕುಂದ್ರತಿದ್ದೆ. ಅಷ್ಟು ಸಲ ಹೋಗೀನಿ, ಕಾರಿನ್ಯಾಗ ಕುಂತು ಹೊಳಿ ನೋಡೇ ಇಲ್ಲ. ಈ ಮುಂಡೇದನ್ನ ನೋಡೀನಿ."

ಎಲ್ಲರೂ ನಕ್ಕೆವು. ಸುಂಕಮ್ಮ ನಗಲಿಲ್ಲ. "ಅವ್ವಾರ, ಈ ಸಲ ನೀವು ಎರಡೂ ಕೈ ಬಿಟ್ಟು ಕುಂದ್ರತೀರಿ. ನಾ ಅದೀನಿ" ಅಂದಳು. ನಾನು ಒಳಗೊಳಗೇ ಬೆವೆತೆ. ಇವಳು ಮಾತು ಕೊಟ್ಟರೆ ಅದು ತೀರುವ ತನಕ ಮನೆಯಲ್ಲಿ ನನಗೆ ನೆಮ್ಮದಿ ಇರುವುದಿಲ್ಲ.

ಇಂಜಿನಿನ ಜಾಗಕ್ಕೆ ಸಿರುಗುಪ್ಪದ ಅಕ್ಕಿ ಮೂಟೆಗಳನ್ನೇ ಹೇರಿದರು. ಮೈಯ ಕೆಳಗೆ ತೆಳ್ಳನೆ ತಗಡಿನ ಬಿಲ್ಲೆ ಕೊಟ್ಟು ಕೊಟ್ಟು ಸೊಟ್ಟ ತೆಗೆದರು. ಬಲಗಡೆ ಬಾಗಿಲು ಮೊದಲು ಕೂಡಿತು. ಪಟ್ಟಿ ಹಾಕಿ ಎಳೆದರೆ ಮೇಲಿಂದ ಕೆಳಗಿನ ತನಕ ಒಂದೇ ಹಿಡಿತ. ಮುಚ್ಚಿದರೆ ಟಪ್ ಅಂತ ಒಂದೇ ಸದ್ದು. ಅಷ್ಟರಲ್ಲಿ ಆಯುಧಪೂಜೆ ಬಂತು. ಹಬ್ಬ ಮುಗಿದ ಮೇಲೆ ಎಡಗಡೆ ಬಾಗಿಲಿಗೆ ಕೈ ಹಾಕಿದಳು. ಅದರ ಅಂಚನ್ನು ಉಜ್ಜುವುದು, ಪಟ್ಟಿ ಎಳೆಯುವುದು, ಮತ್ತೆ ಉಜ್ಜುವುದು. ಕಡೆಗೆ ಪಟ್ಟಿ ಸಲೀಸಾಗಿ ಓಡಾಡಿತು. ಮುಚ್ಚಿದಳು. ಟಪಕ್ ಅಂತು.

ಒಂದು ಸದ್ದಲ್ಲ, ಎರಡು. ಚಿಲಕ ಅಂಚಿಗಷ್ಟೇ ಹಿಡಿದು ಆಮೇಲೆ ಒಳಗೆ ಜಾರಿದ ಸದ್ದು.

"ಇದಕ್ಕೇನಾಗೇತಿ? ಚಲೋ ಕುಂತೈತಿ" ಅಂದ ಶೇಖರ್. ನೋಡಲು ಬಂದಿದ್ದ ವಿರೂಪಾಕ್ಷಿಯವರೂ ಅದನ್ನೇ ಹೇಳಿದರು. ನನಗಂತೂ ಯಾವ ಫರಕ್ಕೂ ಕಾಣಲಿಲ್ಲ. ಸುಂಕಮ್ಮ ಬೆರಳು ಆಡಿಸಿದಳು. ಬೆರಳು ಸಡಲ ಅನ್ನುತ್ತಿತ್ತು, ಪಟ್ಟಿ ಸರಿ ಅನ್ನುತ್ತಿತ್ತು. ಪಟ್ಟಿ ಅವಳೇ ಮಾಡಿದ್ದು, ಅದರ ಮೇಲೆ ಅನುಮಾನ ಪಡುವುದಕ್ಕೆ ಅವಳ ಜಂಬ ಬಿಡಲಿಲ್ಲ. ಕೀಲು ಬಿಚ್ಚಿದಳು, ಹಾಕಿದಳು. ರಬ್ಬರ್ ಬದಲಿಸಿದಳು. "ಯಾರೋ ಕಾರ್ ಸರಿಸ್ಯಾರ" ಎಂದು ಶೆಡ್ಡಿನವರ ಮೇಲೆಲ್ಲ ಹರಿಹಾಯ್ದಳು. ಮನೆಯಲ್ಲಿ ಮುಖ ಊದಿಸಿಕೊಂಡು ಕೂತಳು. ನನಗೂ ತಲೆ ಕೆಟ್ಟಿತು. "ಯಾರಿಗೂ ಕಾಣದ್ದು ನಿನಗೊಬ್ಬಾಕಿಗೇ ಕಾಣ್ತೈತೇನು? ಹೆಸರು ಬರದು ಬಾ, ಮುಗೀತು" ಅಂದುಬಿಟ್ಟೆ. ಅವಳು ನನ್ನನ್ನು ನೋಡಿದ ನೋಟಕ್ಕೆ ನಾನು ಆಟೋ ತೆಗೆದುಕೊಂಡು ಸ್ಟ್ಯಾಂಡಿಗೆ ಓಡಿದೆ.

ಅದರ ಮರುದಿನ ಬೆಳಗ್ಗೆ ನಾನು ಹಬ್ಬಕ್ಕೆಂದು ತೆಗೆದುಕೊಂಡಿದ್ದ ಜೀನ್ಸ್ ಪ್ಯಾಂಟನ್ನು ಒಗೆದು ಒಣಗಿಸಿದ ಮೇಲೆ ಮೊದಲ ಸಲ ಏರಿಸುತ್ತಿದ್ದೆ. ಸೊಂಟಕ್ಕೆ ಬರಲೊಲ್ಲದು. ಬಿಸಿಲಿಗೆ ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. ಉಸಿರು ಬಿಗಿಹಿಡಿದು ಕುಣಿದಾಡುತ್ತಿದ್ದೆ. "ನೀ ದಪ್ಪಾಗಿ" ಅಂದಳು. "ದಪ್ಪ ನಾನಲ್ಲ, ಇದು ಕುಗ್ಗೇತಿ!" ಅಂದೆ. "ಬಾ ಇಲ್ಲಿ" ಎಂದು ಸೊಂಟಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. ಎಳೆದವಳು ಹಾಗೇ ನಿಂತುಬಿಟ್ಟಳು. ಪಟ್ಟಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದಳು, ಮತ್ತೆ ಉಜ್ಜಿದಳು.

"ನೀರು ಕುಡದೈತಿ" ಅಂದಳು. "ಏನ್ ಕುಡದೈತಿ?" ಅಂದೆ. "ಒಗದ್ರ ಉದ್ದ ಕುಗ್ಗತೈತಿ, ದಪ್ಪ ಏರತೈತಿ. ಅಯ್ಯೋ ನನ್ನ ಮಾರಿಗೆ! ಜೀನ್ಸ್ ಹೊಲದಾಕಿ ನಾನು, ನನಗ ಹೊಳೀಲಿಲ್ಲಲ್ಲ!" ನನ್ನ ಪ್ಯಾಂಟಿನ ಗುಂಡಿಯನ್ನೂ ಹಾಕಲು ಬಿಡದೆ ಆಟೋ ತೆಗೆಸಿದಳು. ಅಂಗಿ ಹೊರಗೆ ಬಿಟ್ಟುಕೊಂಡು ಮಾನ ಮುಚ್ಚಿಕೊಂಡು ಓಡಿಸಿದೆ.

ಶೆಡ್ಡಿಗೆ ಹೋದವಳೇ, ಪಟ್ಟಿ ತಂದು ಶೇಖರನ ಮೂಗಿನ ಮುಂದೆ ಹಿಡಿದಳು. ತುದಿಯಲ್ಲಿ ಅರಿಶಿನ ಕುಂಕುಮ ಇನ್ನೂ ಹಾಗೇ ಇತ್ತು. "ಪೂಜಾದಾಗ ಇದಕ್ಕ ಜಳಕ ಮಾಡಿಸಿದಾರು ಯಾರು?"

ಶೇಖರನ ಮುಖ ಅರಳಿತು. "ನಾನಽ ಸುಂಕಮ್ಮ! ಸ್ಪ್ಯಾನರು ಸುತ್ತಿಗಿ ಎಲ್ಲಾ ಹುಡುಗ್ರು ತೊಳದ್ರು. ನಿನ್ನ ಪಟ್ಟಿ ಮಾತ್ರ ನಾನಽ ಕೈಯಾರೆ ಸೋಪು ಹಚ್ಚಿ ತೊಳದು, ಬಿಸಲಿಗೆ ಒಣಗಿಸಿ, ಎಲ್ಲಾದಕ್ಕಿಂತ ಮುಂದ ಇಟ್ಟೆ. ಈ ಶೆಡ್ಡಿನ ದೊಡ್ಡ ಆಯುಧ ಅಲ್ಲೇನು ಅದು?"

ಬೈಯಲೆಂದು ಬಾಯಿ ತೆರೆದವಳಿಗೆ ನಗು ಬಂತು, ನಗುವಿನ ಹಿಂದೆ ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಇವಳು ಕೈಯಾರೆ ಹೊಲಿದ ಬಟ್ಟೆಯ ತುಂಡು ಆ ಸುತ್ತಿಗೆಗಳಿಗಿಂತ ಮುಂದೆ ಕೂತು ಪೂಜೆ ಮಾಡಿಸಿಕೊಂಡಿತ್ತಲ್ಲ! ಆದರೆ ಆ ಮರ್ಯಾದೆಯೇ ಬಾಗಿಲನ್ನು ಕೆಡಿಸಿತ್ತು. ದಪ್ಪಗಾದ ಪಟ್ಟಿ ಹಿಡಿಸಲೆಂದು ಅಂಚನ್ನು ಹೆಚ್ಚು ಉಜ್ಜಿ, ಸಂದು ಅಗಲವಾಗಿ, ಚಿಲಕ ಪೂರ್ತಿ ಹಿಡಿಯುತ್ತಿರಲಿಲ್ಲ.

ಸುದ್ದಿ ತಿಳಿದು ವಿರೂಪಾಕ್ಷಿಯವರು ಬಂದರು. ಒಳ್ಳೆಯ ಮನುಷ್ಯರು. "ಇರ್ಲಿ ಬಿಡವ್ವ, ಕಣ್ಣಿಗೇನೂ ಕಾಣಂಗಿಲ್ಲ. ಅವ್ವಗ ಇನ್ನ ತಡಿಯಾಕ ಆಗವಲ್ದು, ಜಲ್ದಿ ಕೊಟ್ಟುಬಿಡ್ರಿ" ಅಂದರು.

"ನಿಮ್ಮವ್ವಾರು ಅದನ್ನ ಕಣ್ಣಿಲೆ ನೋಡಂಗಿಲ್ರಿ ಸಾವಕಾರ್ರ, ಕೈಲೆ ಹಿಡಿತಾರ" ಅಂದಳು ಸುಂಕಮ್ಮ. "ನಾ ಮಾತು ಕೊಟ್ಟೀನಿ. ಕುಣ್ಯಾಗ ಬಾಗಲಾ ತೆಕ್ಕೊಂಡ್ರ ನನ್ನ ಮಾತು ಎಲ್ಲಿ ಹೋತು?" ವಿರೂಪಾಕ್ಷಿಯವರು ಬಾಗಿಲನ್ನು ಒಮ್ಮೆ ತೆಗೆದು ಮುಚ್ಚಿ ನೋಡಿ, "ಹಂಗಾದ್ರ ಮಾಡವ್ವ" ಅಂದರು.

ಉಜ್ಜಿ ನುಣುಪು ಮಾಡಿದ್ದ ಅಂಚನ್ನು ಅವಳೇ ಗೀರಿ ಒರಟು ಮಾಡಿದಳು. ಫೈಬರ್ ನಾರಿನ ತೆಳು ಚಾಪೆ ಇಟ್ಟು ರಾಳ ಹಚ್ಚಿದಳು, ಒಣಗಲು ಬಿಟ್ಟಳು, ಮತ್ತೆ ಹಚ್ಚಿದಳು. ಹಳೇ ಯೂನಿಟ್ಟಿಗೆ ಹೋಗಿ ನೀರು ಕಾಣದ ಬಟ್ಟೆ ತಂದು ಹೊಸ ಪಟ್ಟಿ ಹೊಲಿದಳು. ಈ ಸಲ ಅದನ್ನು ಸುಮ್ಮನೆ ನಂಬಲಿಲ್ಲ. ಮೊದಲು ಬಲಗಡೆಯ ಸಂದಿನಲ್ಲಿ ಎಳೆದು, ಅದೇ ಹಿಡಿತ ಇದೆ ಎಂದು ಗ್ಯಾರಂಟಿ ಮಾಡಿಕೊಂಡು ಆಮೇಲೆ ಎಡಗಡೆಗೆ ಬಂದಳು. ಮೈತುಂಬ ತುರಿಕೆ, ಮನೆತುಂಬ ಕೊಬ್ಬರಿ ಎಣ್ಣೆಯ ವಾಸನೆ. ನಾನು ತುಟಿ ಪಿಟಕ್ಕೆನ್ನದೆ ರೊಟ್ಟಿ ಬಡಿದೆ. ಕಡೆಗೊಂದು ಮಧ್ಯಾಹ್ನ ಫೋನ್ ಮಾಡಿ, ಮಾತೇ ಆಡದೆ, ಬಾಗಿಲು ಮುಚ್ಚಿದ ಸದ್ದು ಕೇಳಿಸಿದಳು. ಟಪ್. ಸ್ಟ್ಯಾಂಡಿನಲ್ಲಿ ನಾನು ಕೂಗಿದ ಕೂಗಿಗೆ ಗಾದೆಪ್ಪ ಬೆಚ್ಚಿಬಿದ್ದ.

ಬಣ್ಣ ಆಯಿತು, ಕೆಂಪು. ಇಂಜಿನ್ ಕೂತಿತು. ಆದರೂ ಎಡಗಡೆ ಬಾಗಿಲಿನ ಮೇಲೆ ಹೆಸರು ಬರೆಯಲು ಸುಂಕಮ್ಮ ಒಪ್ಪಲಿಲ್ಲ. "ಅವ್ವಾರು ಕುಂತು ಹೋಗಲಿ, ಆಮ್ಯಾಲ ನೋಡೂಣು" ಅಂದಳು. ಎಡಗಡೆ ಬಾಗಿಲಿನ ಒಳಹೊದಿಕೆ ಹಾಕದೆಯೇ ಕಾರು ಸಿರುಗುಪ್ಪಕ್ಕೆ ಹೊರಟಿತು. ವಿರೂಪಾಕ್ಷಿಯವರು, "ಬಾರವ್ವ, ಪಕ್ಕದಾಗ ಕುಂದ್ರು" ಎಂದು ಕರೆದರು. "ಆ ಸೀಟಿನ್ಯಾಗ ಮೊದಲ ಕುಂದ್ರಾರು ಬ್ಯಾರೆ ಅದಾರ್ರಿ" ಎಂದು ನನ್ನ ಆಟೋ ಹತ್ತಿದಳು. ದಾರಿ ಸುತ್ತಾದರೂ ಕುರುಗೋಡಿನ ಮೇಲೆ ಹೋಗೋಣ ಎಂದು ಕೇಳಿಕೊಂಡವನು ಮಾತ್ರ ನಾನು. ಹೆಂಡತಿಯ ತವರಿನ ಓಣಿಗೆ ಅಂಥಾ ಕಾರು ನುಗ್ಗಬೇಡವೇ? ಓಣಿಯವರೆಲ್ಲ ಸುತ್ತ ನಿಂತರು. ನಾನು ಎದೆಯುಬ್ಬಿಸಿ, "ಒಂದಽ ಬೆರಳಿಲೆ ಮುಚ್ಚಿ ನೋಡ್ರಿ!" ಎಂದು ಹರಾಜು ಕೂಗುವವನ ಹಾಗೆ ಕೂಗಿದೆ. ಒಬ್ಬೊಬ್ಬರಾಗಿ ಮುಚ್ಚಿ ನೋಡಿದರು. "ಸಾಕು ನಡೀ, ಬಾಗಲಾ ಸವಸ್ತೀರಿ" ಎಂದು ಸುಂಕಮ್ಮ ಗದರಿದಳು. ಗದರಿದಳು ನಿಜ, ಮುಖ ಮಾತ್ರ ಹೊಳೆಯುತ್ತಿತ್ತು.

ಸಿರುಗುಪ್ಪದಲ್ಲಿ ಜಂಬಮ್ಮ ಹೊಸ ಇಳಕಲ್ ಸೀರೆ ಉಟ್ಟು ಕಾಯುತ್ತಿದ್ದರು. ಎಡಗಡೆ ಸೀಟಿನಲ್ಲಿ ಕೂತರು. ಸುಂಕಮ್ಮ ಬಾಗಿಲು ಮುಚ್ಚಿದಳು. ಮುಚ್ಚಿದ ತಕ್ಷಣ ಆ ಮುದುಕಿಯ ಎರಡೂ ಕೈ ತಾವಾಗಿಯೇ ಬಾಗಿಲಿನ ಅಂಚನ್ನು ಹಿಡಿದವು. ಸುಂಕಮ್ಮ ಬಂದು ಆಟೋದಲ್ಲಿ ಕೂತಳು. ನನ್ನ ಪಕ್ಕದಲ್ಲೇ ಇದ್ದವಳ ಉಸಿರಾಟ ನನಗೆ ಕೇಳುತ್ತಿತ್ತು.

ಕೆಂಚನಗುಡ್ಡದ ದಾರಿ ಹಿಡಿದೆವು. ಕಾರು ಮುಂದೆ, ನಾವು ಹಿಂದೆ. ಎರಡೂ ಕಡೆ ಭತ್ತದ ಗದ್ದೆ, ನಡುವೆ ಕುಣಿ ಬಿದ್ದ ರಸ್ತೆ. ನನ್ನ ಆಟೋದ ಎಲುಬೆಲ್ಲ ಗಡಗಡ ಅನ್ನುತ್ತಿತ್ತು. ಕಾರಿಗೆ ಸೂರಿಲ್ಲದ್ದರಿಂದ ಜಂಬಮ್ಮನ ಬಿಳಿ ತುರುಬು, ಬಾಗಿಲ ಕಡೆ ವಾಲಿದ ಹೆಗಲು ಹಿಂದಿನಿಂದ ಚೆನ್ನಾಗಿ ಕಾಣುತ್ತಿದ್ದವು. ಒಂದು ದೊಡ್ಡ ಕುಣಿ ಬಂತು. ಕಾರು ಎಗರಿತು. ಬಾಗಿಲು ಅಲುಗಲಿಲ್ಲ. ಆದರೂ ಆ ಹೆಗಲು ವಾಲಿಕೊಂಡೇ ಇತ್ತು.

"ಬಿಡ್ರಿ ಅವ್ವಾರ, ಕೈ ಬಿಡ್ರಿ" ಎಂದು ಸುಂಕಮ್ಮ ಪಿಸುಗುಟ್ಟುತ್ತಿದ್ದಳು. ಅವರಿಗೆ ಎಲ್ಲಿ ಕೇಳಬೇಕು? ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಹ್ಯಾಂಡಲ್ ತಿರುಗಿಸಲು ನನಗೆ ಕಷ್ಟವಾಗುತ್ತಿತ್ತು. ಇನ್ನೊಂದು ಕುಣಿ, ಮತ್ತೊಂದು. ಬಾಗಿಲು ಕೂತ ಜಾಗದಲ್ಲೇ ಕೂತಿತ್ತು. ಜಂಬಮ್ಮನ ಹೆಗಲು ಸ್ವಲ್ಪ ನೆಟ್ಟಗಾಯಿತು.

ಏರು ಹತ್ತಿ ತಿರುಗಿದರೆ ಎದುರಿಗೆ ತುಂಗಭದ್ರೆ. ಬಂಡೆಗಳ ನಡುವೆ ತುಂಬಿಕೊಂಡು ಬಿಸಿಲಿಗೆ ಹೊಳೆಯುತ್ತಿತ್ತು. ಕಾರು ಇನ್ನೂ ಓಡುತ್ತಲೇ ಇತ್ತು. ಎಡಗಡೆ ಸೀಟಿನಿಂದ ಮೊದಲು ಒಂದು ಕೈ ಮೇಲೆದ್ದಿತು, ಆಮೇಲೆ ಇನ್ನೊಂದು. ಬಳೆ ಸರಿದು ಮೊಣಕೈಗೆ ಬಿದ್ದವು. ಜಂಬಮ್ಮ ಎರಡೂ ಕೈಯನ್ನು ತಲೆಯ ಮೇಲೆತ್ತಿ ಹೊಳೆಗೆ ಮುಗಿಯುತ್ತಿದ್ದರು. ಮುಗಿದ ಕೈ ಇಳಿಸಲೇ ಇಲ್ಲ.

ನಾನು ಆಟೋ ನಿಲ್ಲಿಸಿದೆ. ಕಣ್ಣು ಮಂಜಾಗಿ ರಸ್ತೆಯೇ ಕಾಣುತ್ತಿರಲಿಲ್ಲ. ಸುಂಕಮ್ಮ ನನ್ನ ತೋಳು ಬಿಟ್ಟು, ಕಣ್ಣೊರೆಸಿಕೊಂಡು, ನನ್ನ ಅಂಗಿಯ ಜೇಬಿಗೆ ಕೈ ಹಾಕಿದಳು.

"ಪೆನ್ ಕೊಡು" ಅಂದಳು. "ಈಗ ಬರೀತೀನಿ."